ಮೂಗಿನ ಮಟ್ಟದ ಗಾಜು

ಕಳೆದ ತಿಂಗಳು ನುಂಗಂಬಾಕ್ಕಂನ ಒಂದು ಒಳರಸ್ತೆಯ ಅಂಗಡಿಗೆ ಮನೆಯ ನಾಮಫಲಕ ಮಾಡಿಸಲು ಹೋಗಿದ್ದೆ. ಅಂಗಡಿಯಾತ ಪ್ಲಾಸ್ಟಿಕ್ ಹಾಳೆಯೊಂದನ್ನು ಮೇಜಿಗೆ ಬಿಗಿದು ಡ್ರಿಲ್ ಇಟ್ಟ. ಬಿಸಿಯಾದ ಪ್ಲಾಸ್ಟಿಕ್‌ನ ಸಿಹಿ ಬೆರೆತ ಸುಟ್ಟ ವಾಸನೆ ಬಂದದ್ದೇ ತಡ, ನನ್ನ ಕೈ ತಾನಾಗಿ ಬಲಗಣ್ಣನ್ನು ಮುಚ್ಚಿತು. "ಚೂರು ಬಿತ್ತಾ ಸಾರ್?" ಎಂದು ಆತ ಗಾಬರಿಯಾಗಿ ಡ್ರಿಲ್ ನಿಲ್ಲಿಸಿದ. ಇಲ್ಲ, ನೀವು ಮುಂದುವರಿಸಿ ಎಂದೆ. ಆದರೆ ಅಲ್ಲಿ ನಿಂತ ಅಷ್ಟೂ ಹೊತ್ತು ನನಗೆ ನೆನಪಾಗುತ್ತಿದ್ದದ್ದು ಪುದುಪೇಟೆಯ ಬೇರೊಂದು ಅಂಗಡಿ, ಬೇರೊಂದು ಹಾಳೆ, ಮೂರು ವರ್ಷದ ಹಿಂದಿನ ಒಂದು ಮಳೆಗಾಲ.

ನಾನು ಇಲ್ಲಿನ ಇಂಗ್ಲಿಷ್ ಪತ್ರಿಕೆಯೊಂದರ ವರದಿಗಾರ. ಅಪ್ಪ ಗದಗಿನಿಂದ ರೈಲ್ವೆ ಕೆಲಸಕ್ಕೆ ಬಂದು ಪೆರಂಬೂರಿನಲ್ಲಿ ನೆಲೆ ನಿಂತವರು, ನಾನು ಹುಟ್ಟಿದ್ದೂ ಅಲ್ಲೇ. ಆ ಮಳೆಗಾಲದ ಹೊತ್ತಿಗೆ ಉತ್ತರ ಚೆನ್ನೈಯ ಸುದ್ದಿ ಎಂಟು ವರ್ಷದಿಂದ ನನ್ನ ಪಾಲಿಗಿತ್ತು. ಮಣಲಿಯ ಕಾರ್ಖಾನೆಗಳ ಸಾಲು, ತಿರುವೊಟ್ಟಿಯೂರಿನಲ್ಲಿ ಕುಪ್ಪಗಳೆನ್ನುವ ಮೀನುಗಾರರ ಕೇರಿಗಳು, ಅವೆರಡರ ನಡುವೆ ಬಂದರಿಗೆ ಹೋಗುವ ಕಂಟೇನರ್ ಲಾರಿಗಳ ಕೊನೆಯಿಲ್ಲದ ಸರತಿ. ಆ ಸರತಿಯಲ್ಲಿ ಕಾರು ಒಮ್ಮೆ ಸಿಕ್ಕಿಕೊಂಡರೆ ಅಂದಿನ ಸುದ್ದಿ ಮುಗಿದ ಹಾಗೆ. ಲಾರಿಗಳ ನಡುವಿನ ಸಂದಿಯಲ್ಲಿ ನುಸುಳಬಲ್ಲದ್ದು ಮೋಟರ್‌ಸೈಕಲ್ ಒಂದೇ. ಓಡಿಸುವುದು ನಾನು, ಹಿಂದೆ ಕೂರುವುದು ಛಾಯಾಗ್ರಾಹಕ ದಯಾನಂದ.

ದಯಾ ಕುಂದಾಪುರದ ಕಡೆಯವನು. ಅವನ ಅಪ್ಪ ಟ್ರಿಪ್ಲಿಕೇನಿನ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದರು. ಸುದ್ದಿಮನೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನನ್ನ ಗದಗಿನ ಕನ್ನಡವನ್ನು ಅವನು ಅಣಕಿಸುತ್ತಿದ್ದ, ತಮಿಳು ಕಲಸಿದ ಅವನ ಕುಂದಾಪುರದ ಕನ್ನಡವನ್ನು ನಾನು. ದಯಾ ಆಳು ತೂಕದವನು. ಜೊತೆಗೆ ಹೆಗಲಿಗೆ ಹಾಕಿಕೊಂಡ ಕ್ಯಾಮೆರಾ ಚೀಲ. ಅವನು ಗಾಡಿ ಓಡಿಸುವುದನ್ನು ಕಲಿಯಲೇ ಇಲ್ಲ. "ಕೈ ಮುರ್ಕೊಂಡ್ರೆ ಫೋಟೋ ಯಾರು ತೆಗೆಯೂದು, ನೀವಾ?" ಎಂದು ಕೇಳುತ್ತಿದ್ದ.

ಮದ್ರಾಸಿನ ಮಳೆ ದೀಪಾವಳಿಯ ಆಚೀಚೆ ಶುರುವಾಗುತ್ತದೆ. ಆ ವರ್ಷ ಮೊದಲ ಮಳೆ ಬಿದ್ದ ವಾರದಲ್ಲೇ ಒಂದು ಬೆಳಗ್ಗೆ ನಾನು ಬಾಯಿ ಮುಕ್ಕಳಿಸಿದಾಗ ನೀರು ಬಲತುದಿಯಿಂದ ತಾನಾಗಿ ಸುರಿದುಹೋಯಿತು. ಕನ್ನಡಿಯಲ್ಲಿ ಮುಖದ ಬಲಭಾಗ ಇಳಿಬಿದ್ದಿತ್ತು. ನಗಲು ನೋಡಿದೆ, ಎಡಭಾಗ ಮಾತ್ರ ನಕ್ಕಿತು. ಹೆಂಡತಿ ವೈಜಯಂತಿ ವಿಮಾ ಕಚೇರಿಗೆ ರಜೆ ಹಾಕಿ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ವಿಷಯ ಖಚಿತವಾಯಿತು: ಮಿದುಳಿಗೆ ಏನೂ ಆಗಿಲ್ಲ, ಮುಖದ ನರ ಊದಿಕೊಂಡಿದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಸರಿಹೋಗುತ್ತದೆ. ತೊಂದರೆ ಇದ್ದದ್ದು ಕಣ್ಣಿನದು. ಬಲಗಣ್ಣಿನ ರೆಪ್ಪೆ ಮುಚ್ಚುತ್ತಿರಲಿಲ್ಲ. ಮುಚ್ಚದ ಕಣ್ಣಿಗೆ ಗಾಳಿ ಹೊಡೆದರೆ ಅದು ಒಣಗುತ್ತದೆ, ಮರಳಿನ ಕಣ ಬಿದ್ದರೆ ಗೀರಾಗುತ್ತದೆ, ಗೀರು ಹುಣ್ಣಾದರೆ ನೋಟಕ್ಕೇ ಕುತ್ತು. ಕಣ್ಣಿನ ವೈದ್ಯೆ ಹನಿಮದ್ದು, ಮುಲಾಮು, ಮಲಗುವಾಗ ರೆಪ್ಪೆಗೆ ಅಂಟಿಸಲು ಟೇಪು ಬರೆದುಕೊಟ್ಟು, ಪ್ರತಿ ಶನಿವಾರ ಬರಬೇಕು ಎಂದರು. ಬೈಕ್ ಓಡಿಸಬಹುದೇ ಎಂದು ಕೇಳಿದೆ. ಗಾಳಿ ಕಣ್ಣಿಗೆ ತಾಕದ ಹಾಗೆ ಓಡಿಸುವ ವಿದ್ಯೆ ಗೊತ್ತಿದ್ದರೆ ಓಡಿಸಿ ಎಂದರು. ತಮಾಷೆಗೆ ಹೇಳಿದ್ದು. ನಾನು ಅದನ್ನು ಷರತ್ತು ಎಂದು ಬರೆದುಕೊಂಡೆ.

"ಕಣ್ಣರ ಮುಚ್ಚವಲ್ದು, ಬಾಯಿನರ ಮುಚ್ಚಿಕೊಂಡ ಕೂಡ್ರಿ ನಾಕ ದಿನಾ" ಎಂದಳು ವೈಜಯಂತಿ.

ನಾಲ್ಕನೇ ದಿನ ಕಚೇರಿಗೆ ಹೋದೆ. ಸುದ್ದಿ ಸಂಪಾದಕಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಮಳೆಗಾಲ ಮುಗಿಯುವವರೆಗೆ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದಿ ಎಂದರು. ಕಾಳಜಿಯಿಂದಲೇ ಹೇಳಿದ್ದು. ಆದರೆ ನಮ್ಮಲ್ಲಿ ತಾತ್ಕಾಲಿಕವಾಗಿ ಡೆಸ್ಕಿಗೆ ಹೋದವರು ಯಾರೂ ಬೀದಿಗೆ ಮರಳಿದ್ದನ್ನು ನಾನು ಕಂಡಿರಲಿಲ್ಲ. ಅವರ ಜಾಗಕ್ಕೆ ಬಂದ ಎಳೆಯರು ಒಂದೇ ತಿಂಗಳಲ್ಲಿ ಅಲ್ಲಿಯವರಾಗಿಬಿಡುತ್ತಾರೆ. ತಿರುವೊಟ್ಟಿಯೂರಿನ ಕುಪ್ಪಗಳಲ್ಲಿ ಯಾರಿಗೆ ಫೋನ್ ಮಾಡಿದರೆ ಸಮುದ್ರ ಎಷ್ಟು ಒಳಗೆ ಬಂದಿದೆ ಎಂಬ ನಿಜ ತಿಳಿಯುತ್ತದೆ ಎಂಬುದನ್ನು ನಾನು ಎಂಟು ವರ್ಷ ಕೂಡಿಸಿಟ್ಟಿದ್ದೆ. ಅದನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸಿರಲಿಲ್ಲ. ಒಂದು ತಿಂಗಳು ಪರೀಕ್ಷೆಗೆ ಬಿಡಿ ಎಂದು ಕೇಳಿದೆ. ಪ್ರತಿ ಶನಿವಾರದ ಕಣ್ಣಿನ ವರದಿ ತಮ್ಮ ಮೇಜಿಗೆ ಬರಬೇಕು, ಒಂದು ವರದಿ ಕೆಟ್ಟರೂ ಮರುದಿನವೇ ಡೆಸ್ಕು ಎಂದರು. ಒಪ್ಪಿದೆ.

ಹೆಲ್ಮೆಟ್ಟಿಗೆ ಮುಖಗಾಜು ಇಲ್ಲವೇ ಎಂದು ಎಲ್ಲರೂ ಕೇಳಿದರು. ಇತ್ತು. ಅದನ್ನು ಇಳಿಸಿದರೆ ಮಳೆಗಾಲದ ಸೆಖೆಗೆ, ಸೊಟ್ಟಬಾಯಿಂದ ಮೇಲಕ್ಕೆ ನುಗ್ಗುವ ಉಸಿರಿಗೆ, ಎರಡೇ ನಿಮಿಷದಲ್ಲಿ ಮಂಜು ಕಟ್ಟುತ್ತಿತ್ತು. ಎತ್ತಿದರೆ ಗಾಳಿ. ಈಜುಗಾರರ ಕನ್ನಡಕವನ್ನೂ ಹಾಕಿ ನೋಡಿದೆ, ಮುಲಾಮಿನ ಜಿಡ್ಡು ಒಳಗೆ ಹಬ್ಬಿ ಲೋಕವೇ ಬೆಣ್ಣೆಯಾಯಿತು. ಉಳಿದದ್ದು ಒಂದೇ ದಾರಿ. ಹ್ಯಾಂಡಲಿನ ಮುಂದೆ ಗಾಜು ನಿಲ್ಲಿಸಿ ಗಾಳಿಯನ್ನು ತಲೆಯ ಮೇಲಿಂದ ಹಾಯಿಸುವುದು.

ಅದು ಕಳಚಬಹುದಾದ ಗಾಜೇ ಆಗಬೇಕು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿದೆ. ನಗರದೊಳಗೆ ಸಿಗ್ನಲಿನಿಂದ ಸಿಗ್ನಲಿಗೆ ತೆವಳುವಾಗ ಎದೆಗೆ ಬೀಳುವ ಗಾಳಿಯೇ ಮದ್ರಾಸಿನ ಸವಾರನಿಗಿರುವ ಒಂದೇ ಸುಖ. ಗಾಜು ಅದನ್ನೂ ತಡೆದರೆ ಸವಾರ ಇಡ್ಲಿಯ ಹಾಗೆ ಬೇಯುತ್ತಾನೆ. ಇನ್ನು ತಿರುವೊಟ್ಟಿಯೂರಿನಾಚೆ ರಸ್ತೆ ಕಡಲಿಗೆ ಬಯಲಾಗುವ ಕಡೆ, ಬಿರುಗಾಳಿಯ ದಿನ ಎತ್ತರದ ಗಾಜು ಹಾಯಿಯಾಗಿ ಗಾಡಿಯನ್ನೇ ಎಳೆದೊಯ್ಯಬಹುದು. ಬೇಕೆಂದಲ್ಲಿ ಹಾಕಿ, ಬೇಡವಾದಲ್ಲಿ ತೆಗೆಯುವಂತಿರಬೇಕು.

ಸುದ್ದಿಗೆ ಮಾಡುವಂತೆಯೇ ಇದಕ್ಕೂ ಮಾಡಿದೆ. ಅಂಗಡಿಯವರ ಮಾತನ್ನು ಪಕ್ಕಕ್ಕಿಟ್ಟು ಬಳಸಿದವರನ್ನು ಕೇಳಿದೆ. ಎಣ್ಣೂರಿನ ದಾರಿಯಲ್ಲಿ ನಸುಕಿಗೆ ಮೀನು ಸಾಗಿಸುವ ಇಬ್ಬರು, ಊಟ ತಲುಪಿಸುವ ಒಬ್ಬ, ಹಳೆಯ ಗಾಡಿಯಲ್ಲಿ ಕನ್ಯಾಕುಮಾರಿಗೆ ಹೋಗಿಬಂದ ಒಬ್ಬ ಬ್ಯಾಂಕ್ ಅಧಿಕಾರಿ. ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು: ನೋಟ ಗಾಜಿನ ಮೇಲಿನಿಂದ ಹೋಗಬೇಕು, ಗಾಜಿನೊಳಗಿನಿಂದ ಅಲ್ಲ. ಅಂಚು ಮೂಗಿನ ಮಟ್ಟಕ್ಕೆ ನಿಲ್ಲಬೇಕು. ಅದಕ್ಕಿಂತ ತಗ್ಗಿದರೆ ಗಾಳಿ ಕಣ್ಣಿಗೆ, ಅದಕ್ಕಿಂತ ಎತ್ತರಿಸಿದರೆ ಮಳೆಯಲ್ಲಿ ಕುರುಡು.

ಗಾಡಿಗಳ ಬಿಡಿಭಾಗ ಸಿಗುವ ಪುದುಪೇಟೆಯಲ್ಲಿ ಮೂರು ಅಂಗಡಿ ದಾಟಿ ನಾಲ್ಕನೆಯದಕ್ಕೆ ಬಂದಾಗ, ದಯಾನೊಂದಿಗೆ ನಾನು ಆಡುತ್ತಿದ್ದ ಮಾತು ಕೇಳಿ ಮಾಲೀಕ ತಲೆಯೆತ್ತಿದ. "ಏನ್ ಸಾರ್, ಕನ್ನಡದವ್ರಾ? ನಾವು ಕೆಜಿಎಫ್. ಮುಂಚೇನೇ ಹೇಳೋದಲ್ವಾ!" ಅವನ ಹೆಸರು ಸೆಲ್ವಂ. ಗಣಿ ಮುಚ್ಚಿದ ಮೇಲೆ ಅವನ ಅಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಇಲ್ಲಿಗೆ ಬಂದಿದ್ದರಂತೆ. ನನ್ನ ಮುಖ ನೋಡಿ ಅವನು ಮರುಕಪಡಲಿಲ್ಲ, ನೇರ ಕೆಲಸಕ್ಕೆ ಇಳಿದ. ಅದಕ್ಕೇ ಹಿಡಿಸಿದ.

ಎರಡು ಹಾಳೆ ತಂದು ಮುಂದಿಟ್ಟ. "ಇದು ಅಕ್ರಿಲಿಕ್. ನೋಡೋಕೆ ಕನ್ನಡಿ ಇದ್ದಂಗೆ ಇರತ್ತೆ. ಬಿದ್ರೆ ಚೂರುಚೂರು, ಚೂರು ಬರೋದು ನಿಮ್ ಮುಖಕ್ಕೇ. ಇದು ಪಾಲಿಕಾರ್ಬನೇಟು. ಬಟ್ಟೆ ಉಜ್ಜಿದ್ರೂ ಗೀಚು ಬೀಳತ್ತೆ, ಆದ್ರೆ ಸುತ್ತಿಗೇಲಿ ಹೊಡೀರಿ, ಒಡೆಯಲ್ಲ. ಯಾವ್ದು ಬೇಕು?"

"ಎರಡನೇದು" ಎಂದೆ.

"ಯೋಚ್ನೆ ಮಾಡಿ ಸಾರ್."

"ಮಾಡಿ ಆಗೇದ. ಗೀಚಿದ್ದರ ಮ್ಯಾಲಿಂದ ನೋಡೋದು, ಒಳಗಿಂದಲ್ಲ."

ಹ್ಯಾಂಡಲಿಗೆ ಹಿಡಿಯುವ ನಾಲ್ಕು ತುಕ್ಕುಹಿಡಿಯದ ಕೊಂಡಿಗಳನ್ನು ಆರಿಸಿದೆ. ಬೆರಳಿನಿಂದ ತಿರುಗಿಸಿದರೆ ಸಡಿಲವಾಗುವಂಥವು, ಸ್ಪ್ಯಾನರ್ ಬೇಡ. ಕಡಲ ಉಪ್ಪು ಆರು ತಿಂಗಳಲ್ಲಿ ಸಾಧಾರಣ ಕಬ್ಬಿಣವನ್ನು ತಿಂದುಹಾಕುವುದನ್ನು ಆ ದಾರಿಯ ಗಾಡಿಗಳಲ್ಲಿ ನೋಡಿದ್ದೆ. ಅಂಗಡಿಯ ಮುಂದೆ ಮೂರು ಸಲ ಹಾಕಿ ತೆಗೆದೆ. ಮೂರನೆಯ ಸಲಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಎತ್ತರದ ಅಳತೆ. ಗಾಡಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೆ, ಹೆಲ್ಮೆಟ್ ಹಾಕಿದೆ. ಸೆಲ್ವಂ ಮುಂದೆ ರಟ್ಟು ಹಿಡಿದು ನನ್ನ ಮೂಗಿನ ಮಟ್ಟಕ್ಕೆ ಗೆರೆ ಎಳೆದ. ದಯಾ ಚಹಾ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದ.

"ನಾನೂ ಹತ್ತಿ ಕೂರ್ಲಾ?"

"ಯಾಕ? ಇದು ಓಡಸಾಂವನ ಅಳತಿ" ಎಂದೆ.

"ಸರಿ ಮಾರಾಯ್ರೆ. ನಾವು ಸುಮ್ಮಾ ಲಗೇಜು" ಎಂದು ಅವನು ಚಹಾ ಕುಡಿದ.

ಸೆಲ್ವಂ ಹಾಳೆ ಕತ್ತರಿಸಿ ಕೊಂಡಿಗಳಿಗೆ ತೂತು ಕೊರೆದ. ಮುಂದೆ ಮೂರು ವರ್ಷದ ಮೇಲೆ ನನ್ನ ಮೂಗಿಗೆ ಬಡಿದದ್ದು ಆ ತೂತುಗಳ ವಾಸನೆ.

ಭಾನುವಾರ ಒಬ್ಬನೇ ಪರೀಕ್ಷೆಗೆ ಹೊರಟೆ. ಉತ್ತರಕ್ಕೆ ಹೋಗುವಾಗ ಕಡಲು ಬಲಕ್ಕೆ, ನನ್ನ ಮುಚ್ಚದ ಕಣ್ಣೂ ಬಲಕ್ಕೆ. ರಾಯಪುರಂ ದಾಟಿದ ಮೇಲೆ ಗಾಜು ಹಾಕಿದೆ. ಗಾಳಿ ಹೆಲ್ಮೆಟ್ಟಿನ ನೆತ್ತಿಯ ಮೇಲೆ ಸುಯ್ಯೆಂದು ಹೋಗುತ್ತಿತ್ತು, ಮುಖದ ಮುಂದೆ ಮಾತ್ರ ಮುಚ್ಚಿದ ಕೋಣೆಯಲ್ಲಿ ಕೂತ ಹಾಗೆ ಸ್ತಬ್ಧ. ತಿರುವೊಟ್ಟಿಯೂರಿನ ತೀರದಲ್ಲಿ ಇಳಿದು ಕೈಗನ್ನಡಿಯಲ್ಲಿ ನೋಡಿಕೊಂಡೆ. ಕಣ್ಣು ಕೆಂಪಾಗಿರಲಿಲ್ಲ. ಲೆಕ್ಕ ಸರಿ ಬಂದಿದೆ ಎಂದು ಅಲ್ಲಿಂದಲೇ ಸುದ್ದಿ ಸಂಪಾದಕಿಗೆ ಸಂದೇಶ ಕಳಿಸಿದೆ.

ಸೋಮವಾರ ಸಂಜೆ ದಯಾನನ್ನು ಕೂರಿಸಿಕೊಂಡು ಮಣಲಿಯಿಂದ ವಾಪಸು ಬರುತ್ತಿದ್ದೆ. ಮಳೆ ಶುರುವಾಯಿತು. ಎದುರಿನ ಲಾರಿಗಳ ದೀಪ ಹೊತ್ತಿಕೊಂಡಾಗ ಲೋಕ ಇದ್ದಕ್ಕಿದ್ದಂತೆ ಎರಡು ತುಂಡಾಯಿತು. ಗಾಜಿನ ಅಂಚು ಸರಿಯಾಗಿ ನನ್ನ ಪಾಪೆಗಳ ಮೇಲೆ ಗೆರೆ ಎಳೆದಿತ್ತು. ಗೆರೆಯ ಮೇಲೆ ಆಕಾಶ, ಕೆಳಗೆ ಒಂದೊಂದು ಹನಿಯಲ್ಲೂ ಒಂದೊಂದು ಹೆಡ್‌ಲೈಟು. ರಸ್ತೆ ಕಾಣಲಿಲ್ಲ. ಹಿಂದಿನಿಂದ ದಯಾ "ಲಾರಿ! ಲಾರಿ! ನಿಲ್ಸಿ!" ಎಂದು ಕೂಗಿ ನನ್ನ ಹೆಗಲನ್ನು ಹಿಂದಕ್ಕೆ ಜಗ್ಗಿದ. ಬ್ರೇಕ್ ಹಿಡಿದೆ. ದೀಪವಿಲ್ಲದೆ ನಿಂತಿದ್ದ ಒಂದು ಟ್ರೇಲರಿನ ಹಿಂಬದಿಯ ಕಬ್ಬಿಣಕ್ಕೆ ನಮ್ಮ ಮುಂದಿನ ಗಾಲಿ ಒಂದು ಮೊಳ ದೂರದಲ್ಲಿ ನಿಂತಿತು.

ಗಾಡಿಯನ್ನು ಪಕ್ಕದ ಚಹಾದಂಗಡಿಯ ತಗಡಿನ ಕೆಳಗೆ ತಳ್ಳಿದೆವು.

"ನಿನ್ನೆ ಸರಿ ಇತ್ತು" ಎಂದೆ.

"ನಿನ್ನೆ ನಾನಿದ್ನಾ?"

ನಾನು ಗಾಡಿಯ ಮೇಲೆ ಕೂತೆ. ಅಂಚು ಮೂಗಿನ ಮಟ್ಟಕ್ಕಿತ್ತು. "ಈಗ ನೀ ಹತ್ತು" ಎಂದೆ. ದಯಾ ಚೀಲ ಸಮೇತ ಹತ್ತಿದ. ಗಾಡಿಯ ಹಿಂಬದಿ ಕುಸಿಯಿತು, ಮೂತಿ ಎದ್ದಿತು, ಅವನ ಚೀಲ ನನ್ನನ್ನು ಮುಂದಕ್ಕೆ ನೂಕಿತು, ನನ್ನ ಬೆನ್ನು ಬಾಗಿತು. ಅಂಚು ಕಣ್ಣಿಗೆ ಬಂತು. "ಇಳಿ" ಎಂದೆ. ಮೂಗಿಗೆ ಬಂತು. ಎರಡು ಬೆರಳಿನ ಅಂತರ.

"ಎಂಟು ವರ್ಷ ನಿಮ್ಮ ಹಿಂದೆ ಕೂತಿದ್ದೆ ಸಾರ್" ಎಂದ ದಯಾ, ಹೆಲ್ಮೆಟ್ ಒರೆಸುತ್ತಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಒಂದು ದಿನ ಆದ್ರೂ ನೀವೊಬ್ರೇ ಹೋದದ್ದುಂಟಾ? ಅಳತೆ ತೆಗೆಯೂಕೆ ಮಾತ್ರ ಒಬ್ರೇ ಕೂತ್ರಿ."

ವರದಿಗಾರ ಮಾತ್ರ ಮಾಡಬಲ್ಲ ತಪ್ಪು ಅದು. ಸುದ್ದಿಯ ನೆತ್ತಿಯ ಮೇಲೆ ನಮ್ಮ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ, ಛಾಯಾಗ್ರಾಹಕನದು ಚಿತ್ರದ ಮೂಲೆಯಲ್ಲಿ ಇರುವೆಯಷ್ಟು. ದಿನಾ ನೋಡಿ ನೋಡಿ, ಸ್ಥಳಕ್ಕೆ ಹೋದದ್ದು ನಾನೊಬ್ಬನೇ ಎಂದು ಕಣ್ಣಿಗೆ ಅಭ್ಯಾಸವಾಗಿಬಿಡುತ್ತದೆ. ನಾಲ್ವರು ಸವಾರರನ್ನು ಕೇಳಿದ್ದೆ, ನನ್ನ ಹಿಂದೆ ಕೂರುವವನನ್ನು ಕೇಳಿರಲಿಲ್ಲ. ಅವನಾಗಿ ಹೇಳಲು ಬಂದಾಗ ಬಾಯಿ ಮುಚ್ಚಿಸಿದ್ದೆ.

ಮರುದಿನ ನಡೆದದ್ದನ್ನು ಸುದ್ದಿ ಸಂಪಾದಕಿಗೆ ಹೇಳಿದೆ. ಹೇಳದೆಯೂ ಇರಬಹುದಿತ್ತು, ದಯಾ ಬಾಯಿ ಬಿಡುತ್ತಿರಲಿಲ್ಲ. ಆದರೆ ಪರೀಕ್ಷೆ ಕೇಳಿದವನು ನಾನು, ತಪ್ಪು ಬಂದಲ್ಲಿ ತಿದ್ದುಪಡಿ ಹಾಕುವುದು ನಮ್ಮ ಕಸುಬಿನ ಕನಿಷ್ಠ ಮರ್ಯಾದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ನಿಮ್ಮ ಕಣ್ಣಿನ ಬಗ್ಗೆ ನನಗಿದ್ದ ಅನುಮಾನ ಈಗ ನಿಮ್ಮ ತಲೆಯ ಬಗ್ಗೆ ಬಂದಿದೆ ಎಂದರು. ಆಮೇಲೆ, ತಿಂಗಳ ಗಡುವು ಹಾಗೇ ಇರಲಿ, ಆದರೆ ಇಂಥದ್ದು ಇನ್ನೊಂದು ಬೇಡ ಎಂದು ಸೇರಿಸಿದರು.

ಸೆಲ್ವಂನ ಅಂಗಡಿಗೆ ಈ ಸಲ ಪೂರ್ತಿ ಸಜ್ಜಾಗಿ ಹೋದೆವು. ಟ್ಯಾಂಕ್ ತುಂಬ ಪೆಟ್ರೋಲು, ಇಬ್ಬರಿಗೂ ಮಳೆ ಅಂಗಿ, ದಯಾನ ಹೆಗಲಿಗೆ ಚೀಲ. ಸೆಲ್ವಂ ಹಿಂದಕ್ಕೆ ಸರಿದು ನಮ್ಮಿಬ್ಬರನ್ನು ನೋಡಿದ. "ಮೊದ್ಲೇ ಈ ಸಾರ್ ಹತ್ತಿದ್ರೆ ಒಂದೇ ಸಲಕ್ಕೆ ಮುಗ್ದೋಗ್ತಿತ್ತಲ್ಲ?"

"ಅದನ್ನು ಅವರತ್ರ ಕೇಳು" ಎಂದ ದಯಾ. "ನಾನು ಲಗೇಜು."

ಸೆಲ್ವಂ ಗಾಜನ್ನು ಎರಡು ಬೆರಳಿನಷ್ಟು ಕತ್ತರಿಸಿದ. ಅಂಚನ್ನು ಉಜ್ಜಿ ನುಣುಪು ಮಾಡಿದ. ದಯಾ ಇಳಿಯಲಿಲ್ಲ. ಗಾಡಿಯ ಮೇಲೆ ಕೂತೇ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಇನ್ನೊಂದು ನೂಲಿನಷ್ಟು" ಎಂದ. ಇನ್ನೊಂದು ನೂಲು ಹೋಯಿತು.

ಆ ಶನಿವಾರ ವೈದ್ಯೆ ಕಣ್ಣಿಗೆ ಕಿತ್ತಳೆ ಬಣ್ಣದ ಹನಿ ಹಾಕಿ, ನೀಲಿ ದೀಪ ಬಿಟ್ಟು ನೋಡಿದರು. ಗೀರು ಇದ್ದಲ್ಲಿ ಬಣ್ಣ ನಿಲ್ಲುತ್ತದಂತೆ. ಎಲ್ಲೂ ನಿಂತಿರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಮೂರನೆಯ ವಾರ ಹುಬ್ಬು ಒಂಚೂರು ಅಲುಗಿತು. ವೈಜಯಂತಿ ಅದನ್ನು ನೋಡಿ, "ಸಿಟ್ಟ ಬಂದ್ರ ಈಗ ಗೊತ್ತಾಗ್ತದ ನೋಡ್ರಿ ಮತ್ತ" ಎಂದಳು.

ಗಡುವಿಗೆ ಮೂರು ದಿನ ಉಳಿದಿದ್ದಾಗ ಕಡಲು ಎದ್ದಿತು. ಕುಪ್ಪದ ಕಸ್ತೂರಿ ಅಕ್ಕ ಬೆಳಗ್ಗೆ ಹತ್ತಕ್ಕೆ ಫೋನ್ ಮಾಡಿದರು. ಮೀನು ಒಣಗಿಸುವ ಹೆಂಗಸರ ಗುಂಪಿಗೆ ಅವರೇ ಮುಂದಾಳು. ಅಲೆ ಕಲ್ಲಿನ ತಡೆ ದಾಟಿ ರಸ್ತೆ ಕೊರೆಯುತ್ತಿದೆ, ಯಾರೂ ಬಂದಿಲ್ಲ, ನೀವಾದರೂ ಬನ್ನಿ ಎಂದರು. ಟೀವಿಯವರ ವ್ಯಾನುಗಳು ಲಾರಿ ಸರತಿಯ ಹಿಂದೆ ಸಿಕ್ಕಿಬಿದ್ದಿದ್ದವು. ನಾವು ಸಂದಿಯಲ್ಲಿ ನುಸುಳಿ ತಿರುವೊಟ್ಟಿಯೂರು ದಾಟಿದೆವು. ಗಾಜಿನ ಅಂಚು ಇರಬೇಕಾದಲ್ಲೇ ಇತ್ತು, ಅದರ ಮೇಲಿನಿಂದ ರಸ್ತೆ ಪೂರ್ತಿ ಕಾಣುತ್ತಿತ್ತು.

ಬಯಲು ತೀರಕ್ಕೆ ಬಂದಾಗ ಬಲದಿಂದ ಬಡಿದ ಗಾಳಿಗೆ ಹ್ಯಾಂಡಲ್ ಕೈತಪ್ಪುವಂತಾಯಿತು. ಮುಂದಿನ ಹೊಡೆತಕ್ಕೆ ಗಾಡಿ ಒಂದು ಗೇಣು ಎಡಕ್ಕೆ ಸರಿಯಿತು. ನಿಲ್ಲಿಸಿದೆ. ನಾಲ್ಕು ಕೊಂಡಿ ಸಡಿಲಿಸಿ ಗಾಜು ಕಳಚಿ ದಯಾನ ಕೈಗೆ ಕೊಟ್ಟೆ. ಅವನು ಅದನ್ನು ತನ್ನ ಎದೆಗೂ ನನ್ನ ಬೆನ್ನಿಗೂ ನಡುವೆ ಇಟ್ಟುಕೊಂಡ. ಈಗ ಕಣ್ಣಿಗೆ ಮರೆ ಇರಲಿಲ್ಲ. ಜೇಬಿನ ಟೇಪು ತೆಗೆದು ಬಲಗಣ್ಣಿನ ರೆಪ್ಪೆಯನ್ನು ಮುಚ್ಚಿ ಅಂಟಿಸಿದೆ. ಉಳಿದದ್ದು ಒಂದು ಕಿಲೋಮೀಟರಿಗೂ ಕಡಿಮೆ.

"ಬಲಗಡಿ ನನಗ ಕಾಣಂಗಿಲ್ಲ" ಎಂದೆ. "ನೀ ಹೇಳಬೇಕು."

"ಹೇಳ್ತೆ. ಫಸ್ಟ್ ಗೇರಲ್ಲೇ ಹೋಗಿ. ಹೀರೋ ಆಗೂದು ಬೇಡ."

ನಡಿಗೆಯ ವೇಗದಲ್ಲಿ ಹೋದೆವು. ಅವನು ಕಿವಿಯ ಪಕ್ಕ ಹೇಳುತ್ತಾ ಬಂದ. "ಬಲಕ್ಕೆ ವ್ಯಾನು, ಹೋಗ್ಲಿ ಬಿಡಿ. ಈಗ ಸರಿ. ಗುಂಡಿ, ಗುಂಡಿ, ಎಡಕ್ಕೆ ಬನ್ನಿ. ಅಲೆ ಬರ್ತದೆ, ನಿಲ್ಸಿ. ಪೋಲಾಂ, ಪೋಲಾಂ, ಹೋಗಿ ಈಗ." ಅವನು ಹೇಳಿದ ಒಂದನ್ನೂ ನಾನು ಪ್ರಶ್ನಿಸಲಿಲ್ಲ. ಎಂಟು ವರ್ಷದಲ್ಲಿ ಅದೇ ಮೊದಲು.

ಕಸ್ತೂರಿ ಅಕ್ಕ ಸೊಂಟಕ್ಕೆ ಸೆರಗು ಬಿಗಿದು ಕೊರೆದ ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಟೇಪು ಅಂಟಿದ ನನ್ನ ಕಣ್ಣು ನೋಡಿ, "ಎನ್ನ ತಂಬಿ, ಏನು ತಮ್ಮಾ, ಒಂದು ಕಣ್ಣಲ್ಲಿ ಬರೆದ್ರೆ ಅರ್ಧ ನಷ್ಟ ಮಾತ್ರ ಬರುತ್ತಾ ಪೇಪರಲ್ಲಿ?" ಎಂದು ತಮ್ಮ ಹರಕು ಕನ್ನಡದಲ್ಲಿ ಕೇಳಿದರು. ತಮ್ಮ ಅಪ್ಪನೊಂದಿಗೆ ಮಂಗಳೂರಿನ ಮೀನು ದಕ್ಕೆಯಲ್ಲಿ ಕೆಲವು ವರ್ಷ ಇದ್ದವರು ಅವರು. ಎರಡು ತಾಸು ಅಲ್ಲಿದ್ದೆವು. ಬಿದ್ದ ಗೋಡೆಗಳನ್ನು ನಾನು ಎಣಿಸಿದೆ, ದಯಾ ಚಿತ್ರ ತೆಗೆದ. ನನ್ನ ಎಣಿಕೆಗೆ ಒಂದು ಗೋಡೆ ತಪ್ಪಿತ್ತು, ಬಲಗಡೆಯದು. ಅವನ ಚಿತ್ರದಲ್ಲಿ ಇತ್ತು. ಸುದ್ದಿಯನ್ನು ಅಲ್ಲಿಂದಲೇ ಫೋನಿನಲ್ಲಿ ಕಳಿಸಿದೆ, ನೆತ್ತಿಯ ಮೇಲೆ ಎರಡು ಹೆಸರು ಹಾಕಿ.

ಮೂರು ದಿನದ ಮೇಲೆ ಕೊನೆಯ ಶನಿವಾರ. ನೀಲಿ ದೀಪದಲ್ಲಿ ಕಣ್ಣು ತಿಳಿಯಾಗಿತ್ತು. ಒತ್ತಿ ಮುಚ್ಚಿ ಎಂದರು ವೈದ್ಯೆ. ಒತ್ತಿದೆ. ಒಂದು ದಾರದಷ್ಟು ಬೆಳಕು ಬಿಟ್ಟು ರೆಪ್ಪೆ ಕೂಡಿತು.

ವರದಿಯನ್ನು ಸುದ್ದಿ ಸಂಪಾದಕಿಯ ಮೇಜಿನ ಮೇಲಿಟ್ಟೆ. ಅವರು ಅದನ್ನು ಓದಿ, ಮಡಚಿ, ಸೋಮವಾರದ ಕೆಲಸದ ಹಂಚಿಕೆಯ ಹಾಳೆಯನ್ನು ಎಳೆದುಕೊಂಡರು. ಉತ್ತರ ಚೆನ್ನೈ ಎಂಬುದರ ಎದುರು ಖಾಲಿ ಬಿಟ್ಟಿದ್ದ ಜಾಗದಲ್ಲಿ ನನ್ನ ಹೆಸರು ಬರೆದರು. ಒಂದು ಗಳಿಗೆ ತಡೆದು, ಅದರ ಪಕ್ಕದಲ್ಲೇ, ಅದೇ ಗಾತ್ರದಲ್ಲಿ ದಯಾನಂದನ ಹೆಸರನ್ನೂ ಬರೆದರು.

ಹಾಳೆಯ ಚಿತ್ರ ತೆಗೆದು ದಯಾನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಎಂತ ಸಾರ್ ಇದು? ಇನ್ನು ತಪ್ಪು ಬಂದ್ರೆ ನನಗೂ ಬೈತಾರಾ?"

"ಬೈತಾರ."

"ಹಾಗಾದ್ರೆ ಬರೆದದ್ದನ್ನು ಕಳಿಸೂಕೆ ಮುಂಚೆ ನನಗೆ ಓದಿ ಹೇಳಿ" ಎಂದ. ಅಂದಿನಿಂದ ಓದಿ ಹೇಳುತ್ತಿದ್ದೇನೆ.